ಸೈನಸ್‌ನ ಶಿಲೀಂಧ್ರ ಸೋಂಕು: ಮೊದಲು ರೋಗಿ ಯಾರೆಂದು ಕೇಳಿ

ಮಳೆಗಾಲ ಹಿಡಿಯಿತೆಂದರೆ ಸಕಲೇಶಪುರದ ಕಡೆಯ ಮನೆಗಳಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು, ಚರ್ಮದ ಚಪ್ಪಲಿಗೂ ಬೂಷ್ಟು. ಅಲ್ಲಿಂದ ಹಾಸನಕ್ಕೆ ಮೂಗು ತೋರಿಸಲು ಬಂದವರು “ಗೋಡೆಯ ಬೂಷ್ಟೇ ಮೂಗಿಗೆ ಹತ್ತಿತೇ ಡಾಕ್ಟರೇ?” ಎಂದು ಕೇಳುವುದು ಸಹಜ. ಪರೀಕ್ಷೆಗೆ ಓದುವ ನಾವೂ ಶಿಲೀಂಧ್ರಗಳ ಹೆಸರಿನ ಪಟ್ಟಿಯಿಂದಲೇ ಶುರು ಮಾಡುತ್ತೇವೆ. ಹಾಗೆ ಓದಿದರೆ ಈ ಪಾಠ ತಲೆಗೆ ಹತ್ತುವುದಿಲ್ಲ. ಶಿಲೀಂಧ್ರದ ಬೀಜಕಗಳನ್ನು ಎಲ್ಲರೂ ದಿನವೂ ಉಸಿರಿನೊಂದಿಗೆ ಒಳಗೆಳೆದುಕೊಳ್ಳುತ್ತಾರೆ. ಅದೇ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಒಬ್ಬರ ಸೈನಸ್‌ನಲ್ಲಿ, ಅಂದರೆ ಮೂಗಿನ ಸುತ್ತಲಿನ ಮೂಳೆಗಳೊಳಗಿನ ಗಾಳಿಗೂಡಿನಲ್ಲಿ, ಉಂಡೆಯಾಗಿ ಸುಮ್ಮನೆ ಕೂರುತ್ತದೆ, ಇನ್ನೊಬ್ಬರಲ್ಲಿ ಅಲರ್ಜಿ ಎಬ್ಬಿಸುತ್ತದೆ, ಮತ್ತೊಬ್ಬರಲ್ಲಿ ರಕ್ತನಾಳಕ್ಕೆ ನುಗ್ಗಿ ಪ್ರಾಣಕ್ಕೆ ಎರವಾಗುತ್ತದೆ. ವ್ಯತ್ಯಾಸವಿರುವುದು ರೋಗಿಯ ಮೈಯಲ್ಲಿ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಎರಡೇ: ರೋಗಿ ಯಾರು? ಶಿಲೀಂಧ್ರ ಲೋಳೆಪೊರೆಯನ್ನು ದಾಟಿ ಒಳಗೆ ಇಳಿದಿದೆಯೇ?

ಇಳಿಯದ ಬಗೆಗಳಲ್ಲಿ ಶಿಲೀಂಧ್ರದ ಉಂಡೆ ಸರಳವಾದದ್ದು. ರೋಗನಿರೋಧಕ ಶಕ್ತಿ ಚೆನ್ನಾಗಿಯೇ ಇರುವ, ನಡುವಯಸ್ಸು ದಾಟಿದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಹೆಚ್ಚು. ಸಾಮಾನ್ಯವಾಗಿ ಒಂದೇ ಕಡೆಯ ಕೆನ್ನೆಯ ಸೈನಸ್. ಮೇಲಿನ ಹಲ್ಲಿಗೆ ರೂಟ್ ಕೆನಾಲ್ ಆಗಿದೆಯೇ ಎಂದು ಕೇಳಿ, ತುಂಬಿದ ವಸ್ತು ಸೈನಸ್‌ಗೆ ಜಾರಿರಬಹುದು. ಎಂಡೋಸ್ಕೋಪ್‌ನಲ್ಲಿ ಉಂಡೆಯನ್ನು ತೆಗೆದರೆ ಮುಗಿಯಿತು, ಶಿಲೀಂಧ್ರನಾಶಕ ಔಷಧಿ ಬೇಕಿಲ್ಲ.

ಅಲರ್ಜಿಯ ಬಗೆ ಬರುವುದು ಹದಿಹರೆಯದವರಿಗೆ, ಯುವಜನರಿಗೆ. ಮೂಗಿನಲ್ಲಿ ಪಾಲಿಪ್ (ಲೋಳೆಪೊರೆ ಊದಿ ಬೆಳೆದ ಮೃದು ಗಂಟು), ಎಷ್ಟೋ ಜನರಲ್ಲಿ ಜೊತೆಗೆ ಉಬ್ಬಸ. ಸೈನಸ್ ತೆರೆದಾಗ ಜೋನಿಬೆಲ್ಲದಂತೆ ಅಂಟಂಟಾದ ಕಂದು ಲೋಳೆ ಎಳೆಯೆಳೆಯಾಗಿ ಬರುತ್ತದೆ. ಅದರಲ್ಲಿ ಅಲರ್ಜಿಯಲ್ಲಿ ಹೆಚ್ಚುವ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು, ಅವುಗಳಿಂದಲೇ ಆಗುವ ಶಾರ್ಕೋ-ಲೇಡನ್ ಹರಳುಗಳು, ನಡುವೆ ಅಲ್ಲೊಂದು ಇಲ್ಲೊಂದು ಶಿಲೀಂಧ್ರದ ಎಳೆ. ಈ ಬಗೆಯನ್ನು ಗುರುತಿಸುವ 1994ರ ಬೆಂಟ್ ಮತ್ತು ಕುನ್ ಮಾನದಂಡಗಳನ್ನು ಇಲ್ಲಿ ಬಾಯಿಪಾಠ ಮಾಡಲೇಬೇಕು. ಲೋಳೆ ತುಂಬಿ ಮೂಳೆ ಸವೆದು ಕಣ್ಣುಗುಡ್ಡೆ ಮುಂದೆ ಬಂದಿದ್ದರೂ ಶಿಲೀಂಧ್ರ ಅಂಗಾಂಶದೊಳಗೆ ಹೋಗಿರುವುದಿಲ್ಲ. ಚಿಕಿತ್ಸೆ ಶಸ್ತ್ರಕ್ರಿಯೆ ಮತ್ತು ಸ್ಟಿರಾಯ್ಡ್. ಈ ಸ್ಟಿರಾಯ್ಡ್ ಅನ್ನು ನೆನಪಿನಲ್ಲಿಡಿ, ಮುಂದೆ ಬರುವ ತೀವ್ರ ಬಗೆಯಲ್ಲಿ ಇದೇ ಶತ್ರು.

ನಿಧಾನವಾಗಿ, ತಿಂಗಳುಗಟ್ಟಲೆ ಒಳಗಿಳಿಯುವ ಗ್ರಾನ್ಯುಲೋಮಾ (ಉರಿಯೂತದ ಕಣಗಳ ಗಂಟು) ಬಗೆಯೂ ಒಂದಿದೆ. ಭಾರತ, ಪಾಕಿಸ್ತಾನ, ಸುಡಾನ್‌ಗಳಲ್ಲಿ ಆರೋಗ್ಯವಂತರಲ್ಲೇ ಕಾಣುತ್ತದೆ, ಕಾರಣ ಹೆಚ್ಚಾಗಿ ಆಸ್ಪರ್ಜಿಲಸ್ ಫ್ಲೇವಸ್.

ಈಗ ತೀವ್ರ ಬಗೆಗೆ ಬರೋಣ. ಇದರಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯವರು, ಅದರಲ್ಲೂ ಕೀಟೋಅಸಿಡೋಸಿಸ್ (ಕೀಟೋನ್‌ಗಳು ಸೇರಿ ರಕ್ತ ಆಮ್ಲೀಯವಾಗುವ ಸ್ಥಿತಿ) ಆದವರು, ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್ ಕುಸಿದವರು, ಅಂಗಾಂಗ ಕಸಿಯಾದವರು, ದೀರ್ಘಕಾಲ ಸ್ಟಿರಾಯ್ಡ್ ಪಡೆದವರು ಇದಕ್ಕೆ ತುತ್ತಾಗುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ಮುಖ್ಯವಾಗಿ ರೈಜೋಪಸ್‌ನಂತಹ ಮ್ಯೂಕರ್ ಗುಂಪಿನ ಶಿಲೀಂಧ್ರಗಳು, ನ್ಯೂಟ್ರೋಫಿಲ್ ಇಲ್ಲದವರಲ್ಲಿ ಆಸ್ಪರ್ಜಿಲಸ್ ಕೂಡ. ಕೋವಿಡ್ ಎರಡನೇ ಅಲೆಯಲ್ಲಿ ಸಕ್ಕರೆ ಮತ್ತು ಸ್ಟಿರಾಯ್ಡ್ ಎರಡೂ ಒಟ್ಟಿಗೆ ಬಂದವು. 2021ರ ಮೇನಲ್ಲಿ ಮ್ಯೂಕರ್ ಸೋಂಕನ್ನು (ಜನರ ಬಾಯಲ್ಲಿ ‘ಬ್ಲ್ಯಾಕ್ ಫಂಗಸ್’) ಅಧಿಸೂಚಿತ, ಅಂದರೆ ಸರ್ಕಾರಕ್ಕೆ ವರದಿ ಮಾಡಲೇಬೇಕಾದ, ರೋಗವೆಂದು ಘೋಷಿಸುವಂತೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ತಿಳಿಸಿತು.

ಕೀಟೋಅಸಿಡೋಸಿಸ್ ಏಕೆ ಇಷ್ಟು ಅಪಾಯಕಾರಿ? ರಕ್ತದಲ್ಲಿ ಕಬ್ಬಿಣ ಸಾಮಾನ್ಯವಾಗಿ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ. ರಕ್ತ ಆಮ್ಲೀಯವಾದರೆ ಆ ಹಿಡಿತ ಸಡಿಲವಾಗಿ ಕಬ್ಬಿಣ ರೈಜೋಪಸ್‌ನ ಪಾಲಾಗುತ್ತದೆ. ಸಕ್ಕರೆ ಹೆಚ್ಚಿದಾಗ ಬಿಳಿ ರಕ್ತಕಣಗಳೂ ಮಂಕಾಗುತ್ತವೆ. ಶಿಲೀಂಧ್ರ ರಕ್ತನಾಳದ ಗೋಡೆಯನ್ನು ಕೊರೆದು ಒಳಗೆ ಬೆಳೆಯುತ್ತದೆ, ನಾಳ ಕಟ್ಟಿಕೊಳ್ಳುತ್ತದೆ, ಅಂಗಾಂಶ ಸಾಯುತ್ತದೆ. ಮೂಗಿನೊಳಗೆ, ಅಂಗುಳಿನಲ್ಲಿ ಕಾಣುವ ಕಪ್ಪು ಆ ಸತ್ತ ಅಂಗಾಂಶದ್ದು. ಚಿಕಿತ್ಸೆಯ ತರ್ಕವೂ ಇಲ್ಲೇ ಇದೆ: ಕಟ್ಟಿಹೋದ ನಾಳದ ಮೂಲಕ ಔಷಧಿ ತಲುಪುವುದಿಲ್ಲ, ಆದ್ದರಿಂದ ಸತ್ತದ್ದನ್ನು ಕೆರೆದು ತೆಗೆಯಲೇಬೇಕು. ಜೊತೆಗೆ ಶಿಲೀಂಧ್ರನಾಶಕ ಲೈಪೋಸೋಮಲ್ ಆಂಫೋಟೆರಿಸಿನ್ ಬಿ, ದಿನಕ್ಕೆ ಕಿಲೋ ತೂಕಕ್ಕೆ 5ರಿಂದ 10 ಮಿ.ಗ್ರಾಂ.; ಇದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು, ರಕ್ತದ ಕ್ರಿಯಾಟಿನಿನ್, ಪೊಟ್ಯಾಸಿಯಂ ಮೇಲೆ ಸದಾ ಕಣ್ಣಿರಲಿ. ಆಸ್ಪರ್ಜಿಲಸ್‌ಗೆ ಒಳ್ಳೆಯ ಮದ್ದಾದ ವೊರಿಕೊನಜೋಲ್ ಮ್ಯೂಕರ್‌ಗೆ ಕೆಲಸ ಮಾಡುವುದಿಲ್ಲ.

ಕಪ್ಪು ಕಾಣಿಸುವವರೆಗೆ ಕಾದರೆ ತಡವಾಯಿತೆಂದೇ ಅರ್ಥ. ಅದಕ್ಕೂ ಮೊದಲು ಲೋಳೆಪೊರೆ ಬಿಳಿಚಿಕೊಂಡಿರಬಹುದು. ಸಕ್ಕರೆ ಕಾಯಿಲೆಯವರು ಮುಖನೋವು ಎಂದು ಬಂದರೆ ಹತ್ತಿಯ ಎಳೆಯಿಂದ ಎರಡೂ ಕೆನ್ನೆ ಮುಟ್ಟಿ, ಒಂದು ಕಡೆ ಮರಗಟ್ಟಿದೆಯೇ ಎಂದು ಕೇಳಿ. ಒಂದು ಎರಡಾಗಿ ಕಾಣುತ್ತಿದೆಯೇ, ರೆಪ್ಪೆ ಇಳಿದಿದೆಯೇ, ಹಲ್ಲು ಅಲ್ಲಾಡುತ್ತಿದೆಯೇ ನೋಡಿ. ನ್ಯೂಟ್ರೋಫಿಲ್ ಇಲ್ಲದ ರೋಗಿಯಲ್ಲಿ ಕೀವೇ ಇಲ್ಲದಿರಬಹುದು, ಬರೀ ಜ್ವರವೇ ಸುಳಿವಾಗಬಹುದು.

ಅನುಮಾನ ಬಂದ ಕೂಡಲೇ ತುಣುಕು ತೆಗೆದು ಒಂದು ಭಾಗವನ್ನು ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ, ಇನ್ನೊಂದನ್ನು ಸಲೈನ್‌ನಲ್ಲಿ ಮೈಕ್ರೋಬಯಾಲಜಿಗೆ ಕಳುಹಿಸಿ. ಕೆ.ಓ.ಎಚ್. (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹನಿಯಲ್ಲಿ ಅಂಗಾಂಶ ಕರಗಿ ಎಳೆಗಳು ಉಳಿಯುತ್ತವೆ: ಅಗಲವಾಗಿ, ಅಡ್ಡಗೋಡೆಯೇ ಇಲ್ಲವೆನ್ನುವಂತೆ, ಹೆಚ್ಚುಕಡಿಮೆ ಲಂಬಕೋನದಲ್ಲಿ ಕವಲೊಡೆದಿದ್ದರೆ ಮ್ಯೂಕರ್, ಸಣ್ಣಗೆ, ಅಡ್ಡಗೋಡೆಗಳೊಂದಿಗೆ, 45 ಡಿಗ್ರಿಯಲ್ಲಿ ಕವಲೊಡೆದಿದ್ದರೆ ಆಸ್ಪರ್ಜಿಲಸ್. ಈ ವರದಿ ಅದೇ ದಿನ ಕೈಗೆ ಸಿಗುತ್ತದೆ, ಕಲ್ಚರ್‌ಗಾಗಿ (ಪ್ರಯೋಗಾಲಯದಲ್ಲಿ ಶಿಲೀಂಧ್ರ ಬೆಳೆಸಿ ನೋಡುವ ಪರೀಕ್ಷೆ) ಕಾಯಬೇಡಿ. ಅರೆದರೆ ಮ್ಯೂಕರ್ ಎಳೆಗಳು ಒಡೆದು ಕಲ್ಚರ್‌ನಲ್ಲಿ ಏನೂ ಬೆಳೆಯದೇ ಹೋಗಬಹುದು. ಹಾಗಾಗಿ ತುಣುಕನ್ನು ಅರೆಯದೆ ಸಣ್ಣಗೆ ಕತ್ತರಿಸಿ ಹಾಕುವಂತೆ ಚೀಟಿಯಲ್ಲೇ ಬರೆದು ಕಳುಹಿಸಿ.