ಪದ ಪರಿಚಯ: ಲೈನ್ ನಂಬರ್

2023ರ ಜನವರಿ 31ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಎವರೆಟ್‌ನಲ್ಲಿ ಬೋಯಿಂಗ್ ಕಂಪನಿಯು ತಾನು ತಯಾರಿಸಿದ ಕೊನೆಯ 747 ವಿಮಾನವನ್ನು ಅಟ್ಲಾಸ್ ಏರ್ ಎಂಬ ಸರಕು ಸಾಗಣೆ ಸಂಸ್ಥೆಗೆ ಹಸ್ತಾಂತರಿಸಿತು. ಸುದ್ದಿ ಓದಿದವರಿಗೆ ಅದು ‘ಜಂಬೋ ಜೆಟ್’ನ, ‘ಗಗನದ ರಾಣಿ’ಯ ವಿದಾಯ. ವಿಮಾನಗಳನ್ನು ಹವ್ಯಾಸವಾಗಿ ಗಮನಿಸುತ್ತ ಒಂದೊಂದರ ಜಾತಕವನ್ನೂ ಬರೆದಿಟ್ಟುಕೊಳ್ಳುವವರ ಬಾಯಲ್ಲಿ ಮಾತ್ರ ಆ ವಿಮಾನಕ್ಕೆ ಹೆಸರಿಗಿಂತ ಮೊದಲು ಒಂದು ಸಂಖ್ಯೆ ಇತ್ತು: ಲೈನ್ ನಂಬರ್ 1574. ಒಂದು ವಿಮಾನ ಮಾದರಿಯ ತಯಾರಿಕೆ ನಿಂತಿತು ಎಂಬ ಮಾತಿಗೆ ಖಚಿತವಾದ ಅರ್ಥ ಬರುವುದೇ ಈ ಸಂಖ್ಯೆಯಿಂದ.

ಒಂದು ಮಾದರಿಯ ವಿಮಾನಗಳು ಕಾರ್ಖಾನೆಯಲ್ಲಿ ಅಂತಿಮ ಜೋಡಣೆಯ ಸಾಲಿಗೆ ಬಂದ ಅನುಕ್ರಮವನ್ನು ಸೂಚಿಸುವ ಸಂಖ್ಯೆಯೇ ಲೈನ್ ನಂಬರ್. ಬೋಯಿಂಗ್‌ನಲ್ಲಿ 727, 737, 747, 757 ಹೀಗೆ ಪ್ರತಿ ಮುಖ್ಯ ಮಾದರಿಗೂ ಎಣಿಕೆ ಒಂದರಿಂದ ಶುರುವಾಗುತ್ತದೆ. ಆದರೆ ಒಂದು ಮಾದರಿಯೊಳಗಿನ ಉಪಮಾದರಿಗಳಿಗೆ ಬೇರೆ ಬೇರೆ ಎಣಿಕೆ ಇರುವುದಿಲ್ಲ. ಹಾಗಾಗಿ ಮೊದಲಿನ 747-100, ಒಡಲನ್ನು ಗಿಡ್ಡವಾಗಿಸಿ ದೂರ ಹಾರಲೆಂದು ರೂಪಿಸಿದ 747ಎಸ್‌ಪಿ, ಬಹುಕಾಲ ಮೆರೆದ 747-400, ಕೊನೆಯ 747-8 ಎಲ್ಲವೂ ಒಂದೇ ಸರತಿಯಲ್ಲಿ ನಿಂತಿವೆ. 757ರ ಎಣಿಕೆ 1050ಕ್ಕೆ ನಿಂತರೆ 747ರದು 1574ಕ್ಕೆ ನಿಂತಿತು.

ವಿಮಾನಕ್ಕೆ ಇನ್ನೂ ಎರಡು ಗುರುತುಗಳಿವೆ. ಹೊಸಬರು ಲೈನ್ ನಂಬರನ್ನು ಬಹಳ ಸಲ ಅವುಗಳೊಂದಿಗೆ ಬೆರೆಸಿಬಿಡುತ್ತಾರೆ. ಮೊದಲನೆಯದು ನೋಂದಣಿ ಸಂಖ್ಯೆ. ಅದು ಒಡಲಿನ ಹಿಂಭಾಗದಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿರುತ್ತದೆ. ಭಾರತದ ವಿಮಾನವಾದರೆ ‘ವಿಟಿ’ ಎಂದೂ ಅಮೆರಿಕದ್ದಾದರೆ ‘ಎನ್’ ಎಂದೂ ಆರಂಭವಾಗುತ್ತದೆ. ವಿಮಾನ ಬೇರೆ ದೇಶದ ಮಾಲೀಕನಿಗೆ ಹೋದಾಗ ನೋಂದಣಿಯೂ ಬದಲಾಗುತ್ತದಾದ್ದರಿಂದ ಅದನ್ನು ನೆಚ್ಚಿಕೊಂಡು ಒಂದು ವಿಮಾನದ ಪೂರ್ಣ ಚರಿತ್ರೆಯನ್ನು ಬರೆಯಲಾಗದು. ಎರಡನೆಯದು ತಯಾರಕರು ಕೊಡುವ ಸರಣಿ ಸಂಖ್ಯೆ. ಇದು ವಿಮಾನದ ಆಯುಷ್ಯವಿಡೀ ಬದಲಾಗುವುದಿಲ್ಲ, ಕಾನೂನಿನ ಕಾಗದಪತ್ರಗಳಲ್ಲಿ ನಿಲ್ಲುವುದೂ ಇದೇ. ಆದರೆ ಬೋಯಿಂಗ್ ಈ ಸಂಖ್ಯೆಗಳನ್ನು ಗ್ರಾಹಕರ ಆರ್ಡರಿಗೆ ತಕ್ಕಂತೆ ಕಂತೆಕಂತೆಯಾಗಿ ಕಾದಿರಿಸುತ್ತದಾದ್ದರಿಂದ, ಸರಣಿ ಸಂಖ್ಯೆ ಚಿಕ್ಕದಿರುವ ವಿಮಾನವೇ ಮೊದಲು ತಯಾರಾಯಿತೆಂದು ಹೇಳಲು ಬರುವುದಿಲ್ಲ.

ಇದಕ್ಕೆ 747ರ ಆರಂಭದಲ್ಲೇ ಒಳ್ಳೆಯ ಉದಾಹರಣೆ ಸಿಗುತ್ತದೆ. 1968ರ ಸೆಪ್ಟೆಂಬರ್ 30ರಂದು ಕಾರ್ಖಾನೆಯಿಂದ ಹೊರಬಂದು, 1969ರ ಫೆಬ್ರುವರಿ 9ರಂದು ಪರೀಕ್ಷಾ ಚಾಲಕ ಜ್ಯಾಕ್ ವಾಡೆಲ್ ಅವರ ನೇತೃತ್ವದಲ್ಲಿ ಮೊದಲ ಬಾರಿಗೆ ಹಾರಿದ ‘ಸಿಟಿ ಆಫ್ ಎವರೆಟ್’ ವಿಮಾನದ ಲೈನ್ ನಂಬರ್ 1, ಸರಣಿ ಸಂಖ್ಯೆ 20235. 1970ರ ಜನವರಿ 22ರಂದು ನ್ಯೂಯಾರ್ಕ್‌ನಿಂದ ಲಂಡನ್ನಿಗೆ 747ರ ಮೊದಲ ವಾಣಿಜ್ಯ ಪಯಣವನ್ನು ನಡೆಸಿಕೊಟ್ಟ ಪ್ಯಾನ್ ಆ್ಯಮ್ ಸಂಸ್ಥೆಯ ‘ಕ್ಲಿಪ್ಪರ್ ವಿಕ್ಟರ್’ ವಿಮಾನದ ಸರಣಿ ಸಂಖ್ಯೆಯಾದರೋ 19643. ನಂತರ ತಯಾರಾದ ವಿಮಾನಕ್ಕೆ ಚಿಕ್ಕ ಸಂಖ್ಯೆ, ಮೊಟ್ಟಮೊದಲನೆಯದಕ್ಕೆ ದೊಡ್ಡ ಸಂಖ್ಯೆ. ಪ್ಯಾನ್ ಆ್ಯಮ್ 1966ರ ಏಪ್ರಿಲ್‌ನಲ್ಲೇ 25 ವಿಮಾನಗಳಿಗೆ ಆರ್ಡರ್ ಕೊಟ್ಟಿದ್ದರಿಂದ ಅದರ ಸಂಖ್ಯೆಗಳ ಕಂತೆ ಮೊದಲೇ ಕಾದಿರಿಸಿದ್ದಾಗಿತ್ತು. ಯಾವುದು ಮೊದಲು ಜೋಡಣೆಗೊಂಡಿತು ಎಂಬ ಪ್ರಶ್ನೆಗೆ ಲೈನ್ ನಂಬರ್ ಒಂದೇ ನೇರ ಉತ್ತರ ಕೊಡುತ್ತದೆ. ಈ ಕಾರಣಕ್ಕೇ ಹವ್ಯಾಸಿಗಳು ತಮ್ಮ ಪಟ್ಟಿಗಳಲ್ಲಿ ಸರಣಿ ಸಂಖ್ಯೆಯನ್ನು ಬರೆದು, ಓರೆಗೆರೆ ಹಾಕಿ, ಅದರ ಪಕ್ಕದಲ್ಲಿ ಲೈನ್ ನಂಬರನ್ನು ಬರೆಯುವ ರೂಢಿ ಇಟ್ಟುಕೊಂಡಿದ್ದಾರೆ.

ಇದೇ ಸಾಲಿನಲ್ಲಿ ಹೇಳಬಹುದಾದ ಇನ್ನೊಂದು ಸಂಕೇತವೆಂದರೆ ಗ್ರಾಹಕ ಸಂಖ್ಯೆ. ಬೋಯಿಂಗ್ ಪ್ರತಿ ವಿಮಾನಯಾನ ಸಂಸ್ಥೆಗೂ ಎರಡು ಅಂಕೆ ಅಥವಾ ಅಕ್ಷರಗಳ ಗುರುತನ್ನು ಕೊಟ್ಟು ಅದನ್ನು ಮಾದರಿಯ ಹೆಸರಿನಲ್ಲೇ ಸೇರಿಸುತ್ತಿತ್ತು. ಪ್ಯಾನ್ ಆ್ಯಮ್‌ಗೆ 21, ಏರ್ ಇಂಡಿಯಾಕ್ಕೆ 37. 1971ರಲ್ಲಿ ಮುಂಬಯಿಗೆ ಬಂದ ‘ಎಂಪರರ್ ಅಶೋಕ’ 747-237ಬಿ ಎನಿಸಿಕೊಂಡದ್ದೂ, ಮುಂದೆ ಏರ್ ಇಂಡಿಯಾಕ್ಕಾಗಿಯೇ ತಯಾರಾದ 747-400ಗಳು 747-437 ಎನಿಸಿಕೊಂಡದ್ದೂ ಇದರಿಂದಲೇ. ವಿಮಾನ ಮೂಲತಃ ಯಾರಿಗಾಗಿ ತಯಾರಾಯಿತು ಎಂಬುದನ್ನು ಈ ಸಂಕೇತ ತಿಳಿಸುತ್ತದೆ, ಎಷ್ಟನೆಯದು ಎಂಬುದನ್ನು ತಿಳಿಸುವುದಿಲ್ಲ. ಮುಂದೆ ಈ ಪದ್ಧತಿಯನ್ನು ಕೈಬಿಡಲಾಯಿತು.

ಲೈನ್ ನಂಬರಿನಲ್ಲಿ ನಿಜವಾದ ಸ್ವಾರಸ್ಯವಿರುವುದು, ಅದನ್ನು ಇಸವಿಗಳೊಂದಿಗೆ ಇಟ್ಟು ಓದಿದಾಗ. ಸಾವಿರನೆಯ 747 ಸಿಂಗಪುರ ಏರ್‌ಲೈನ್ಸ್‌ಗೆ ಸೇರಿದ್ದು 1993ರ ಅಕ್ಟೋಬರ್‌ನಲ್ಲಿ. ಎಂದರೆ ಮೊದಲ ಸಾವಿರಕ್ಕೆ ಹಿಡಿದದ್ದು 25 ವರ್ಷ. 1500ನೆಯದು ಲುಫ್ತಾನ್ಸಾ ಸಂಸ್ಥೆಗೆ ಸೇರಿದ್ದು 2014ರಲ್ಲಿ. ಮುಂದಿನ ಐನೂರಕ್ಕೆ ಎರಡು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು. ಅಲ್ಲಿಂದ ಮುಂದಿನ 74 ವಿಮಾನಗಳಿಗೆ ಎಂಟೂವರೆ ವರ್ಷ. ಮಾದರಿಯೊಂದರ ಬೇಡಿಕೆ ಕುಗ್ಗಿದ ಬಗೆಯನ್ನು ಹೇಳಲು ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲವೆನ್ನಿಸುತ್ತದೆ. ಎರಡೇ ಎಂಜಿನ್‌ಗಳಿಂದ ಸಾಗರಗಳನ್ನು ದಾಟಬಲ್ಲ 777ರಂಥ ವಿಮಾನಗಳು ಬಂದ ಮೇಲೆ ನಾಲ್ಕು ಎಂಜಿನ್‌ಗಳ ಇಂಧನದ ಖರ್ಚನ್ನೂ ದುರಸ್ತಿಯ ಖರ್ಚನ್ನೂ ಹೊರಲು ವಿಮಾನಯಾನ ಸಂಸ್ಥೆಗಳು ಹಿಂಜರಿದವು. ಲೈನ್ ನಂಬರ್ 1 ಪಡೆದ ಆ ಮೊದಲ ವಿಮಾನವು ಯಾವ ವಿಮಾನಯಾನ ಸಂಸ್ಥೆಯ ಸೇವೆಗೂ ಹೋಗದೆ ಬೋಯಿಂಗ್‌ನ ಪರೀಕ್ಷಾ ವಿಮಾನವಾಗಿ ಉಳಿದು, ಕೊನೆಗೆ ಇದೇ 777ಕ್ಕೆ ಸಿದ್ಧವಾಗುತ್ತಿದ್ದ ಎಂಜಿನ್ನನ್ನು ಹೊತ್ತು ಪರೀಕ್ಷೆಗಾಗಿ ಹಾರಿತು ಎಂಬುದು ವಿಚಿತ್ರವಾದರೂ ನಿಜ. ಅದೀಗ ಸಿಯಾಟಲ್‌ನ ವಿಮಾನ ವಸ್ತುಸಂಗ್ರಹಾಲಯದಲ್ಲಿದೆ.

ಉಪಮಾದರಿಗಳು ಒಂದರ ಹಿಂದೊಂದು ಅಚ್ಚುಕಟ್ಟಾಗಿ ಬರಲಿಲ್ಲ ಎಂಬುದನ್ನೂ ಈ ಎಣಿಕೆ ತೋರಿಸಿಕೊಡುತ್ತದೆ. ಮೊದಲ 747-400, ಎಂದರೆ 1988ರ ಜನವರಿಯಲ್ಲಿ ಹೊರಬಂದು ಮುಂದೆ ನಾರ್ತ್‌ವೆಸ್ಟ್ ಏರ್‌ಲೈನ್ಸ್ ಸೇರಿದ ವಿಮಾನ, ಲೈನ್ ನಂಬರ್ 696. ಕೊನೆಯ 155 ವಿಮಾನಗಳು 747-8ಗಳು. ಹಾಗಾದರೆ 696ರಿಂದ 1419ರವರೆಗಿನ 724 ವಿಮಾನಗಳೆಲ್ಲ 747-400ಗಳೇ ಆಗಿರಬೇಕಿತ್ತಲ್ಲ ಎಂದು ಅನ್ನಿಸಬಹುದು. ಆದರೆ ತಯಾರಾದ 747-400ಗಳು ಒಟ್ಟು 694. ಉಳಿದ ಮೂವತ್ತರಷ್ಟು ವಿಮಾನಗಳು ಹಳೆಯ 747-200 ಮತ್ತು 747-300 ಮಾದರಿಯವು. ಹೊಸ ಮಾದರಿ ಬಂದ ಮೇಲೂ 1991ರವರೆಗೆ ಅವು ಅದೇ ಸಾಲಿನಲ್ಲಿ ಹೊಸದರ ನಡುನಡುವೆ ತಯಾರಾಗುತ್ತಲೇ ಇದ್ದವು. ಇಂಥ ಕೂಡುಕಳೆಯುವಿಕೆಯಲ್ಲಿ ಸುಖ ಕಾಣುವವರನ್ನೇ ವಿಮಾನಾಸಕ್ತರೆನ್ನುವುದು. ಹೊರಗಿನವರಿಗೆ ಇದು ಗೀಳಾಗಿ ಕಂಡರೆ ಆಕ್ಷೇಪಿಸುವಂತಿಲ್ಲ.

ಗೀಳಿನಾಚೆಗೂ ಲೈನ್ ನಂಬರಿಗೆ ಉಪಯೋಗವಿದೆ, ಅದು ಹುಟ್ಟಿದ್ದೇ ಆ ಉಪಯೋಗಕ್ಕಾಗಿ. ಒಂದು 747-400ರಲ್ಲಿ ಸುಮಾರು 60 ಲಕ್ಷ ಬಿಡಿಭಾಗಗಳಿರುತ್ತವೆ. ಅವುಗಳಲ್ಲಿ ಅರ್ಧದಷ್ಟು ಭಾಗಗಳನ್ನು ಒಂದಕ್ಕೊಂದು ಬಿಗಿಯುವ ರಿವೆಟ್ಟು, ಬೋಲ್ಟುಗಳೇ. ತಯಾರಿಕೆ ನಡೆಯುತ್ತಿರುವಾಗಲೇ ಎಂಜಿನಿಯರ್‌ಗಳು ಒಂದು ಚೌಕಟ್ಟಿನ ದಪ್ಪವನ್ನೋ ಒಂದು ಬೋಲ್ಟಿನ ಲೋಹವನ್ನೋ ಬದಲಿಸುತ್ತಾರೆ, ಮತ್ತು ಆ ಬದಲಾವಣೆ ಸಾಲಿನಲ್ಲಿ ನಿರ್ದಿಷ್ಟವಾದ ಒಂದು ವಿಮಾನದಿಂದ ಜಾರಿಗೆ ಬರುತ್ತದೆ. ಮುಂದೆ ಎಂದಾದರೂ ಹಳೆಯ ವಿನ್ಯಾಸದಲ್ಲಿ ಬಿರುಕು ಕಾಣಿಸಿಕೊಂಡರೆ ಯಾವ ವಿಮಾನಗಳನ್ನು ತಪಾಸಣೆ ಮಾಡಬೇಕೆಂದು ನಿಯಂತ್ರಣ ಸಂಸ್ಥೆ ಹೊರಡಿಸುವ ವಾಯುಯೋಗ್ಯತೆಯ ನಿರ್ದೇಶನದಲ್ಲಿಯೂ ಬೋಯಿಂಗ್ ಹೊರಡಿಸುವ ಸೇವಾ ಪ್ರಕಟಣೆಯಲ್ಲಿಯೂ ‘ಇಂಥ ಲೈನ್ ನಂಬರಿನಿಂದ ಇಂಥ ಲೈನ್ ನಂಬರಿನವರೆಗೆ’ ಎಂದು ಬರೆಯಲು ಬರುತ್ತದೆ. ಒಂದೇ ಸಂಸ್ಥೆಯ, ಒಂದೇ ಬಣ್ಣದ, ಹೊರನೋಟಕ್ಕೆ ವ್ಯತ್ಯಾಸವೇ ಇಲ್ಲದ ಎರಡು ವಿಮಾನಗಳಲ್ಲಿ ಒಂದಕ್ಕೆ ತಪಾಸಣೆ ಬೇಕಾಗಿ ಇನ್ನೊಂದಕ್ಕೆ ಬೇಡವಾಗುವುದು ಹೀಗೆ.

ಇಷ್ಟಾದರೂ ಈ ಸಂಖ್ಯೆಗೆ ಮಿತಿಗಳಿವೆ. ಅದು ಜೋಡಣೆಯ ಕ್ರಮವೇ ಹೊರತು ಮೊದಲ ಹಾರಾಟದ ಕ್ರಮವೂ ಅಲ್ಲ, ಹಸ್ತಾಂತರದ ಕ್ರಮವೂ ಅಲ್ಲ. ಹೊಸ ಉಪಮಾದರಿಯ ಮೊದಲ ಕೆಲವು ವಿಮಾನಗಳು ಪರೀಕ್ಷಾ ಹಾರಾಟಗಳಲ್ಲಿ ತಿಂಗಳುಗಟ್ಟಲೆ ತೊಡಗಿರುವುದರಿಂದ, ಸಾಲಿನಲ್ಲಿ ಅವುಗಳ ಹಿಂದೆ ಇದ್ದವು ಮೊದಲೇ ಗ್ರಾಹಕರ ಕೈಸೇರುವುದುಂಟು. ಎಲ್ಲ ತಯಾರಕರ ಎಣಿಕೆಯೂ ಒಂದೇ ರೀತಿಯದಲ್ಲ ಎಂಬುದನ್ನೂ ನೆನಪಿಡಬೇಕು. ಏರ್‌ಬಸ್‌ನಲ್ಲಿ ಎರಡೆರಡು ಸಂಖ್ಯೆಗಳಿಲ್ಲ. ಸರಣಿ ಸಂಖ್ಯೆಯೇ ಅನುಕ್ರಮದ ಕೆಲಸವನ್ನೂ ಮಾಡುತ್ತದೆ. 2021ರ ಡಿಸೆಂಬರ್‌ನಲ್ಲಿ ಎಮಿರೇಟ್ಸ್‌ಗೆ ಸೇರಿದ ಕೊನೆಯ ಎ380ರ ಸಂಖ್ಯೆ 272 ಆದರೂ ಗ್ರಾಹಕರಿಗೆ ಸಂದ ಎ380ಗಳು 251 ಮಾತ್ರ. ಗುರುತು ಹಾಕಿಟ್ಟಿದ್ದ ಕೆಲವು ವಿಮಾನಗಳ ಆರ್ಡರ್ ರದ್ದಾಗಿ ಎಣಿಕೆಯಲ್ಲಿ ಬಿಡುವುಗಳು ಉಳಿದದ್ದು ಈ ಅಂತರಕ್ಕೆ ಮುಖ್ಯ ಕಾರಣ. 747ರಲ್ಲಿ ಹಾಗಾಗಲಿಲ್ಲ: ಕೊನೆಯ ಲೈನ್ ನಂಬರ್ ಎಷ್ಟೋ, ತಯಾರಾದ ವಿಮಾನಗಳೂ ಅಷ್ಟೇ.

ಈ ನೇರವಾದ ಲೆಕ್ಕದಿಂದಾಗಿಯೇ 747ರ ಕೊನೆಯನ್ನು ಹವ್ಯಾಸಿಗಳು ಮುಂಚಿತವಾಗಿ ಎಣಿಸುತ್ತ ಬರಲು ಸಾಧ್ಯವಾಯಿತು. 2020ರ ಜುಲೈನಲ್ಲಿ ಬೋಯಿಂಗ್ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದಾಗ ಎರಡು ತಿಂಗಳಿಗೊಂದು ವಿಮಾನ ಹೊರಬರುತ್ತಿತ್ತು. 2021ರ ಜನವರಿಯಲ್ಲಿ ಅಟ್ಲಾಸ್ ಏರ್ ನಾಲ್ಕು 747-8 ಸರಕು ವಿಮಾನಗಳಿಗೆ ಆರ್ಡರ್ ಕೊಟ್ಟು, ಕೊನೆಯ ನಾಲ್ಕೂ ತನ್ನವೇ ಎಂದು ಸಾರಿತು. ಅಲ್ಲಿಗೆ ಬಾಕಿ ಉಳಿದ ಆರ್ಡರ್‌ಗಳನ್ನು ಬೆರಳಿನಲ್ಲಿ ಎಣಿಸಿದರೂ ಸಾಲು ಎಲ್ಲಿ ನಿಲ್ಲುವುದೆಂದು ತಿಳಿಯುವಂತಾಯಿತು. ಪ್ರಯಾಣಿಕರ 747ಗಳ ಸರದಿ ಅಷ್ಟರಲ್ಲಾಗಲೇ ಮುಗಿದಿತ್ತು. ವಿಮಾನಯಾನ ಸಂಸ್ಥೆಯೊಂದಕ್ಕೆ ಕೊನೆಯ 747-8 ಪ್ರಯಾಣಿಕ ವಿಮಾನ ಹೋದದ್ದು 2017ರಲ್ಲಿ, ಕೊರಿಯನ್ ಏರ್‌ಗೆ. ಮುಂದೆ ಸಾಲನ್ನು ಜೀವಂತವಾಗಿಟ್ಟದ್ದು ಸರಕು ಸಾಗಣೆಯವರು. ಮೂಗನ್ನೇ ಮೇಲಕ್ಕೆತ್ತಿ ಉದ್ದನೆಯ ಸಾಮಾನುಗಳನ್ನು ನೇರವಾಗಿ ಒಳಗೆ ತಳ್ಳಬಹುದಾದ ಅನುಕೂಲ ಎರಡು ಎಂಜಿನ್‌ಗಳ 777 ಸರಕು ವಿಮಾನದಲ್ಲಿ ಇಲ್ಲ. ಚಾಲಕರ ಕೋಣೆಯನ್ನು ಮೇಲಂತಸ್ತಿಗೆ ಏರಿಸಿ ಆ ಪ್ರಸಿದ್ಧ ಗೂನು ಬೆನ್ನನ್ನು ಕೊಟ್ಟದ್ದೂ ಮೂಲತಃ ಸರಕನ್ನು ಗಮನದಲ್ಲಿಟ್ಟುಕೊಂಡೇ.

2022ರ ಡಿಸೆಂಬರ್ 6ರ ರಾತ್ರಿ 1574ನೆಯ ವಿಮಾನ ಇನ್ನೂ ಬಣ್ಣ ಕಾಣದೆ, ಹಸಿರು ರಕ್ಷಣಾ ಲೇಪದಲ್ಲೇ ಕಾರ್ಖಾನೆಯಿಂದ ಹೊರಬಂದಿತು. ಸರಣಿ ಸಂಖ್ಯೆ 67150, ನೋಂದಣಿ ಎನ್863ಜಿಟಿ. ಮೂಗಿನ ಬಳಿ ಅದರ ಮೇಲೆ 747ರ ಮುಖ್ಯ ಎಂಜಿನಿಯರ್ ಜೋ ಸಟರ್ ಅವರ ಚಿತ್ರವನ್ನು ಅಂಟಿಸಿದ್ದರು. ಹಸ್ತಾಂತರದ ಮರುದಿನ, ಫೆಬ್ರುವರಿ 1ರಂದು, ಎವರೆಟ್‌ನಿಂದ ಸಿನ್ಸಿನ್ನಾಟಿಗೆ ಹೊರಟ ವಿಮಾನ ವಾಷಿಂಗ್ಟನ್ ರಾಜ್ಯದ ಪೂರ್ವ ಭಾಗದ ಮೇಲೆ ಸುತ್ತುತ್ತ ತನ್ನ ಹಾದಿಯಲ್ಲೇ ಒಂದು ಕಿರೀಟವನ್ನೂ 747 ಎಂಬ ಅಂಕೆಗಳನ್ನೂ ಬರೆಯಿತು. ಹಾರಾಟದ ಜಾಡನ್ನು ತೋರಿಸುವ ನಕ್ಷೆಗಳ ಮುಂದೆ ಕುಳಿತ ಲೋಕದ ನಾನಾ ಮೂಲೆಗಳ ಆಸಕ್ತರಿಗೆ ಆ ಚಿತ್ರ ಗೆರೆಗೆರೆಯಾಗಿ ಮೂಡುತ್ತ ಕಂಡಿತು.

ಕನ್ನಡನಾಡಿನ ಆಸಕ್ತರಿಗೂ ಈ ಸಾಲಿನ ಪರಿಚಯವಿಲ್ಲದಿಲ್ಲ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಬಂದಿಳಿದ ಲುಫ್ತಾನ್ಸಾದ 747-8ಗಳು ಮೇಲೆ ಹೇಳಿದ 1500ನೆಯ ವಿಮಾನದ ಒಡಹುಟ್ಟುಗಳೇ. ಏರ್ ಇಂಡಿಯಾದ ಕೊನೆಯ 747ಗಳು ಮಾತ್ರ ಸೇವೆಯಿಂದ ನಿವೃತ್ತವಾಗಿ ಮುಂಬಯಿಯಲ್ಲಿ ಬಹುಕಾಲ ನಿಂತಿದ್ದವು. 2024ರ ಏಪ್ರಿಲ್‌ನಲ್ಲಿ ಅವುಗಳಲ್ಲೊಂದು ಮಾರಾಟವಾಗಿ ಅಮೆರಿಕದತ್ತ ಹೊರಟಿತು.

ತಯಾರಿಕೆ ನಿಂತಿತೆಂದರೆ ಹಾರಾಟ ನಿಂತಿತೆಂದು ಅರ್ಥವಲ್ಲ. ಹೊಸ ಸಂಖ್ಯೆ ಹುಟ್ಟುವುದಿಲ್ಲವೆಂದಷ್ಟೇ ಅರ್ಥ. ಈಗಾಗಲೇ ತಯಾರಾಗಿದ್ದ ವಿಮಾನಗಳಿಗೇ ಅಮೆರಿಕದ ವಾಯುಪಡೆಯಲ್ಲಿ ಹೊಸ ಕೆಲಸ ಸಿಕ್ಕಿದೆ. ಅಧ್ಯಕ್ಷರ ಮುಂದಿನ ವಿಮಾನಗಳಿಗಾಗಿ ಅದು ಆರಿಸಿಕೊಂಡದ್ದು, ರಷ್ಯದ ಟ್ರಾನ್ಸ್ಏರೊ ಸಂಸ್ಥೆಗೆಂದು ತಯಾರಾಗಿ, 2015ರಲ್ಲಿ ಆ ಸಂಸ್ಥೆ ದಿವಾಳಿಯಾದ್ದರಿಂದ ಮೊಹಾವಿ ಮರುಭೂಮಿಯಲ್ಲಿ ನಿಲ್ಲಿಸಿದ್ದ ಎರಡು 747-8ಗಳನ್ನು. ತುರ್ತು ಕಾಲದಲ್ಲಿ ಆಕಾಶದಿಂದಲೇ ಸೇನೆಗೆ ಆದೇಶ ಕೊಡಲು ಬಳಸುವ ಹಳೆಯ 747-200ಗಳ ಬದಲಿಗೆ ಬೇರೆ ವಿಮಾನಗಳನ್ನು ಸಿದ್ಧಪಡಿಸುವ ಗುತ್ತಿಗೆಯನ್ನು 2024ರಲ್ಲಿ ಪಡೆದ ಸಿಯೆರಾ ನೆವಾಡಾ ಕಂಪನಿಯು ಕೊರಿಯನ್ ಏರ್‌ನಿಂದ ಬಳಸಿದ 747-8ಗಳನ್ನೇ ಕೊಂಡಿತು. ಹೊಸ ನೋಂದಣಿ, ಹೊಸ ಬಣ್ಣ, ಹೊಸ ಕೆಲಸ ಬಂದರೂ ಈ ವಿಮಾನಗಳ ತಪಾಸಣೆಯ ಕಾಗದಗಳಲ್ಲಿ ಎವರೆಟ್‌ನ ಸಾಲಿನಲ್ಲಿ ಅವಕ್ಕೆ ಸಿಕ್ಕ ಸಂಖ್ಯೆಯೇ ಮುಂದುವರಿಯುತ್ತದೆ.