ಕೊಳೆಯುವ ಪ್ಲಾಸ್ಟಿಕ್ಕಿಗೆ ಜೇಡಿಮಣ್ಣಿನ ಬಲ

ಗದಗ, ವಿಜಯಪುರ, ರಾಯಚೂರು ಕಡೆಯ ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಸ್ಮೆಕ್ಟೈಟ್ ಗುಂಪಿನ ಜೇಡಿ ಖನಿಜಗಳ ಕೆಲಸ ಇದು. ಈ ಗುಂಪಿನ ಮಾಂಟ್‌ಮೊರಿಲೊನೈಟ್‌ನ ಒಂದೊಂದು ಕಣವೂ ತೆಳು ಹಾಳೆಗಳ ಕಟ್ಟು. ಹಾಳೆಯ ದಪ್ಪ ಸುಮಾರು 1 ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಗಲ ಮಾತ್ರ ಅದರ ನೂರಾರು ಪಟ್ಟು. ಹಾಳೆಗಳ ಸಂದಿಗೆ ನೀರು ನುಗ್ಗಿದಾಗ ಮಣ್ಣು ಉಬ್ಬುತ್ತದೆ.

ಆ ಸಂದಿಗೆ ನೀರಿನ ಬದಲು ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಗಳು ನುಗ್ಗಿದರೆ? 1980ರ ದಶಕದ ಕೊನೆಯ ಹೊತ್ತಿಗೆ ಜಪಾನಿನಲ್ಲಿ ಟೊಯೋಟ ಕಂಪನಿಯ ಸಂಶೋಧಕರು ನೈಲಾನಿನಲ್ಲಿ ಇದನ್ನು ಮಾಡಿ ತೋರಿಸಿದರು. ನೂರಕ್ಕೆ ನಾಲ್ಕೈದು ಪಾಲು ಮಣ್ಣು ಸೇರಿದ್ದಷ್ಟೇ. ಭಾರ ಹೊತ್ತಾಗ 65 ಡಿಗ್ರಿ ಸೆಲ್ಸಿಯಸ್‌ಗೇ ಬಾಗುತ್ತಿದ್ದ ನೈಲಾನ್ 140 ಡಿಗ್ರಿವರೆಗೂ ತಡೆದುಕೊಂಡಿತು. ಅದರಿಂದ ಕಾರಿನ ಟೈಮಿಂಗ್ ಬೆಲ್ಟಿನ ಕವರ್ ತಯಾರಾಯಿತು.

ಈ ಉಪಾಯ ನೈಲಾನಿಗಿಂತ ಜಾಸ್ತಿ ಬೇಕಾಗಿರುವುದು ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಸಿಡ್) ಎಂಬ ಕೊಳೆಯುವ ಪ್ಲಾಸ್ಟಿಕ್ಕಿಗೆ. ಜೋಳದ ಪಿಷ್ಟ, ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಸಿಗುವ ಲ್ಯಾಕ್ಟಿಕ್ ಆಸಿಡ್‌ನಿಂದ ಮಾಡುವ ಪ್ಲಾಸ್ಟಿಕ್ ಇದು. ಮಿರಿಮಿರಿ ಹೊಳೆಯುತ್ತದೆ, ಗಟ್ಟಿಯಾಗಿದೆ. ಆದರೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಹಾಗಾಗಿ ಬಿಸಿ ಬಿಸಿ ಕಾಫಿ ಸುರಿದರೆ ಸಾದಾ ಪಿಎಲ್‌ಎ ಲೋಟದ ಆಕಾರ ಕೆಡುತ್ತದೆ. ಆಮ್ಲಜನಕವೂ ನೀರಾವಿಯೂ ಸಲೀಸಾಗಿ ಒಳಗೆ ನುಸುಳುತ್ತವೆ. ಚಿಪ್ಸ್ ಕಟ್ಟಿಡುವವರಿಗೆ ಇದು ದೊಡ್ಡ ತಲೆನೋವು.

ಈ ನುಸುಳುವಿಕೆಯನ್ನು ತಡೆಯುವುದರಲ್ಲೇ ಮಣ್ಣಿನ ಕೈಚಳಕ ಚೆನ್ನಾಗಿ ಕಾಣುತ್ತದೆ. ಗಾಳಿಯ ಅಣು ಹಾಳೆಯನ್ನು ತೂರಿ ಹೋಗಲಾರದು, ಸುತ್ತಿ ಹೋಗಬೇಕು. ಒಂದು ಹಾಳೆ ದಾಟಿದರೆ ಇನ್ನೊಂದು ಎದುರಾಗುತ್ತದೆ, ದಾರಿ ಉದ್ದವಾಗುತ್ತಾ ಹೋಗುತ್ತದೆ. 1967ರಲ್ಲಿ ನೀಲ್ಸನ್ ಎಂಬ ವಿಜ್ಞಾನಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಹಾಳೆಯ ಅಗಲ ಅದರ ದಪ್ಪದ 100 ಪಟ್ಟು, ಗಾತ್ರದಲ್ಲಿ ಮಣ್ಣಿನ ಪಾಲು ನೂರಕ್ಕೆ 3 ಎಂದುಕೊಳ್ಳಿ. ಲೆಕ್ಕ ಹಾಕಿದರೆ ಮೊದಲು 100 ಅಣು ದಾಟುತ್ತಿದ್ದ ಕಡೆ ಈಗ ದಾಟುವುದು 39 ಮಾತ್ರ. ಮೂರು ಪಾಲು ಮಣ್ಣಿಗೆ ಇಷ್ಟು ಫಲ! ಹಾಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದಾಗ ಸಿಗುವ ಅಂಕಿ ಇದು ಅನ್ನಿ. ನಿಜವಾದ ಫಿಲ್ಮಿನಲ್ಲಿ ಅವು ಅಷ್ಟು ಶಿಸ್ತಾಗಿ ಇರುವುದಿಲ್ಲ.

ಹಾಗಾದರೆ ಮಣ್ಣು ಕಲಸಿದರೆ ಆಯ್ತಲ್ವಾ? ಆಗುವುದಿಲ್ಲ. ಸುಮ್ನೆ ಕಲಸಿದ ಮಣ್ಣು ಗಂಟು ಗಂಟಾಗಿ ಕೂರುತ್ತದೆ, ಪ್ಲಾಸ್ಟಿಕ್ ಆ ಗಂಟಿನ ಹತ್ತಿರವೇ ಸೀಳುತ್ತದೆ. ಹಾಳೆಗಳು ಬಿಡಿಬಿಡಿಯಾಗಬೇಕು. ಆಗ ಒಂದೇ ಒಂದು ಗ್ರಾಂ ಮಣ್ಣಿನಲ್ಲಿ 700 ಚದರ ಮೀಟರಿಗೂ ಜಾಸ್ತಿ ಮೇಲ್ಮೈ ಸಿಗುತ್ತದೆ, ಬೆಂಗಳೂರಿನ ಆರು 30-40 ಸೈಟುಗಳಷ್ಟು. ತೊಡಕೇನೆಂದರೆ ಈ ಮಣ್ಣಿಗೆ ನೀರೆಂದರೆ ಪ್ರೀತಿ, ಪಿಎಲ್‌ಎಗೆ ನೀರು ಅಷ್ಟಾಗಿ ಸೇರದು. ಅದಕ್ಕೇ ಹಾಳೆಗಳ ನಡುವಿನ ಸೋಡಿಯಂ ತೆಗೆದು, ಉದ್ದ ಬಾಲದ ಅಮೋನಿಯಂ ಲವಣ ಕೂರಿಸುತ್ತಾರೆ. ಸಂದಿ ಅಗಲವಾಗುತ್ತದೆ, ಎಣ್ಣೆಯ ಗುಣ ಬರುತ್ತದೆ. ಆಮೇಲೆ ಎರಡು ಸ್ಕ್ರೂ ತಿರುಗುವ ಎಕ್ಸ್‌ಟ್ರೂಡರ್ ಯಂತ್ರದಲ್ಲಿ ಕರಗಿದ ಪಿಎಲ್‌ಎ ಜೊತೆ ಅರೆಯುತ್ತಾರೆ. ಸಂದಿ ಎಷ್ಟು ಬಿಚ್ಚಿಕೊಂಡಿದೆ ಎಂಬುದನ್ನು ಎಕ್ಸ್‌ರೇ ಹೇಳುತ್ತದೆ: ಹಾಳೆಗಳು ಒಟ್ಟಾಗಿ ಜೋಡಿಸಿಕೊಂಡಿದ್ದರೆ ನಕ್ಷೆಯಲ್ಲಿ ಒಂದು ಚೂಪು ಶಿಖರ ಕಾಣುತ್ತದೆ, ಚದುರಿದರೆ ಅದು ಮಾಯ. ಯಂತ್ರದ ಬಿಸಿ ಜಾಸ್ತಿಯಾದರೆ ಆ ಲವಣವೇ ಒಡೆದು ಹೋಗುತ್ತದೆ, ಪಿಎಲ್‌ಎಯಲ್ಲಿ ತೇವ ಉಳಿದಿದ್ದರೆ ಅದರ ಅಣುಗಳ ಉದ್ದ ಸರಪಳಿ ತುಂಡಾಗುತ್ತದೆ.

ಮಣ್ಣು ಸೇರಿದರೆ ಕೊಳೆಯುವ ಗುಣ ಕೆಡುವುದಿಲ್ಲವೇ? ಕೊಳೆಯಲು ಮೊದಲು ನೀರು ಒಳಗೆ ಹೋಗಿ ಸರಪಳಿ ಕತ್ತರಿಸಬೇಕು. ಹಾಳೆಗಳು ಅದರ ದಾರಿ ಉದ್ದ ಮಾಡುತ್ತವೆ, ನಿಜ. ಆದರೆ ಅವುಗಳ ಮೇಲಿನ ಹೈಡ್ರಾಕ್ಸಿಲ್ ಗುಂಪುಗಳು (ಆಮ್ಲಜನಕ-ಜಲಜನಕದ ಜೋಡಿಗಳು) ನೀರನ್ನು ಹತ್ತಿರಕ್ಕೂ ಎಳೆಯುತ್ತವೆ. ಸುಮಾರು 58 ಡಿಗ್ರಿಯ ಗೊಬ್ಬರದ ರಾಶಿಯಲ್ಲಿ ಮಣ್ಣು ಬೆರೆತ ಪಿಎಲ್‌ಎ ಸಾದಾ ಪಿಎಲ್‌ಎಗಿಂತ ಬೇಗ ಕೊಳೆತ ಪ್ರಯೋಗಗಳಿವೆ. ಬೇರೆ ಬಗೆಯ ಜೇಡಿಮಣ್ಣು ಬೆರೆಸಿದಾಗ ಕೊಳೆಯುವುದು ನಿಧಾನವಾದದ್ದೂ ಇದೆ. ರಸ್ತೆ ಬದಿಯ ಚರಂಡಿಯಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಅಲ್ಲಿ ಪಿಎಲ್‌ಎ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಚೀಲದ ಮೇಲೆ 'ಜೈವಿಕವಾಗಿ ಕೊಳೆಯುತ್ತದೆ' ಎಂದಷ್ಟೇ ಬರೆದು, ಎಲ್ಲಿ, ಎಷ್ಟು ಬಿಸಿಯಲ್ಲಿ ಎಂದು ಹೇಳದಿರುವುದು ಅರ್ಧ ಸತ್ಯ ಎಂದೇ ನನಗನ್ನಿಸುತ್ತದೆ.

ಅಮೋನಿಯಂ ಲವಣಗಳ ಬಗ್ಗೆ ಇನ್ನೊಂದು ಆಕ್ಷೇಪ ಇದೆ. ಅವುಗಳಲ್ಲಿ ಕೆಲವು ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತವೆ, ಆಹಾರದ ಪೊಟ್ಟಣಕ್ಕೆ ಬಳಸುವ ಮುಂಚೆ ಎರಡು ಸಲ ಯೋಚಿಸಬೇಕು. ಅದಕ್ಕೇ ಕೆಲವರು ಸಿಗಡಿ ಚಿಪ್ಪಿನಿಂದ ಸಿಗುವ ಕೈಟೋಸಾನ್ ಬಳಸಿ ನೋಡುತ್ತಿದ್ದಾರೆ. ಪಿಷ್ಟದ ಪ್ಲಾಸ್ಟಿಕ್ಕಿಗಂತೂ ಇವ್ಯಾವುದೂ ಬೇಡ. ಪಿಷ್ಟಕ್ಕೂ ನೀರು ಇಷ್ಟ, ಕಚ್ಚಾ ಮಣ್ಣಿಗೂ ಇಷ್ಟ, ಎರಡೂ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಅಲ್ಲಿ ಕಾಟ ಕೊಡುವುದು ಗ್ಲಿಸರಿನ್. ಪಿಷ್ಟ ಬಾಗಲಿ ಎಂದು ಹಾಕಿದ ಅದು ಜಾಸ್ತಿಯಾದರೆ, ಪಿಷ್ಟಕ್ಕಿಂತ ಮೊದಲೇ ಹೋಗಿ ಹಾಳೆಗಳ ಸಂದಿಯಲ್ಲಿ ಕೂತುಬಿಡುತ್ತದೆ.