ಎಕ್ಸ್‌-ರೇ ಕ್ಲಿಯರ್, ಉಸಿರು ಮಾತ್ರ ಮೂವತ್ತು

"ಎಕ್ಸ್‌-ರೇ ಕ್ಲಿಯರ್ ಇದೆಯಂತಲ್ಲ ಡಾಕ್ಟ್ರೇ, ಮತ್ತೆಂತಕ್ಕೆ ಆಯಿನ ಅಡ್ಮಿಟ್ ಮಾಡೂದು?" ಕಾರವಾರದಲ್ಲಿ ಮಳೆಗಾಲದ ಫ್ಲೂ ಶುರುವಾಯಿತೆಂದರೆ ಈ ಪ್ರಶ್ನೆ ತಪ್ಪುವುದಿಲ್ಲ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಇನ್‌ಫ್ಲುಯೆಂಜಾದಲ್ಲಿ (ಫ್ಲೂ) ಎಕ್ಸ್‌-ರೇ ಫಿಲ್ಮ್ ರೋಗಿಯ ಸ್ಥಿತಿಗಿಂತ ಹಿಂದೆ ಬೀಳುತ್ತದೆ. ವೈರಸ್ ಮೊದಲು ಹಿಡಿಯುವುದು ಶ್ವಾಸನಾಳವನ್ನು. ಅಸ್ತಮಾ ಇದ್ದವರಿಗೆ, ವರ್ಷಾನುಗಟ್ಟಲೆ ಬೀಡಿ ಸೇದಿದವರಿಗೆ ನಾಳದ ಒಳಗೋಡೆ ಊದಿಕೊಂಡರೆ ಸಾಕು, ದಮ್ಮು ಕಟ್ಟುತ್ತದೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಒಂದಷ್ಟು ನೀರು ತುಂಬುವವರೆಗೂ ಎಕ್ಸ್‌-ರೇಯಲ್ಲಿ ಬಿಳಿ ಮೂಡುವುದಿಲ್ಲ. ಹಾಗಾಗಿ ದಾಖಲಾಗುವ ದಿನ ರಕ್ತದ ಆಕ್ಸಿಜನ್ ಶೇಕಡಾ 91ಕ್ಕೆ ಇಳಿದು, ನಿಮಿಷಕ್ಕೆ 30 ಸಲ ಉಸಿರಾಡುವವರ ಫಿಲ್ಮ್ ಕೂಡ ಸ್ವಚ್ಛವಾಗಿರಬಹುದು.

ಈ ಬಿಳಿ ನೆರಳು ಕಾಣಿಸಿಕೊಂಡಾಗ ಸಾಮಾನ್ಯವಾಗಿ ಎರಡೂ ಕಡೆ, ನಡುಭಾಗದಲ್ಲಿ ಮತ್ತು ಕೆಳಗೆ, ತೇಪೆ ತೇಪೆಯಾಗಿರುತ್ತದೆ. ಸಿ.ಟಿ.ಯಲ್ಲಿ ಅದೇ ಜಾಗ ಮಸುಕಾಗಿ ಕಾಣುತ್ತದೆ. ಗ್ರೌಂಡ್ ಗ್ಲಾಸ್ ಅನ್ನುತ್ತೇವೆ. ಆಗಸ್ಟ್‌ನಲ್ಲಿ ದೇವಿಮನೆ ಘಟ್ಟ ಹತ್ತುವಾಗ ಮಂಜಿನ ಹಿಂದೆ ಮರಗಳು ಕಾಣುತ್ತವಲ್ಲ, ಹಾಗೆ ಆ ಮಸುಕಿನೊಳಗೆ ರಕ್ತನಾಳಗಳು ಕಾಣುತ್ತಿರುತ್ತವೆ. ಇನ್ನೂ ದಟ್ಟವಾಗಿ ರಕ್ತನಾಳಗಳೂ ಕಾಣದಂತೆ ಮರೆಯಾದರೆ ಅದು ಕನ್ಸಾಲಿಡೇಶನ್, ಅಂದರೆ ಆ ಭಾಗ ಗಟ್ಟಿಯಾಗಿದೆ. ಹಾಗಂತ ಎಲ್ಲರಿಗೂ ಸಿ.ಟಿ. ಬೇಡ. ಕೋವಿಡ್ ಹೋದಮೇಲೂ ಆ ಚಟ ನಮ್ಮ ಜನರನ್ನು ಬಿಟ್ಟಿಲ್ಲ.

ಫಿಲ್ಮ್ ತೆಗೆದ ರೀತಿಯೂ ಮುಖ್ಯ. ಮಲಗಿಸಿ ತೆಗೆದರೆ ಹೃದಯ ದೊಡ್ಡದಾಗಿ ಕಾಣುತ್ತದೆ. ಕೆಮ್ಮಿನಿಂದ ಉಸಿರು ಪೂರ್ತಿ ಎಳೆಯಲಾಗದಿದ್ದರೆ ತಳಭಾಗ ಸುಮ್ಮನೆ ಬೆಳ್ಳಗಾಗುತ್ತದೆ. ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ಕ್ಲಿಕ್ಕಿಸಿದ ಫಿಲ್ಮ್‌ಗಳು ವಾಟ್ಸ್ಯಾಪಿನಲ್ಲಿ ಬರುತ್ತವೆ. ಅದರಲ್ಲಿ ಶ್ವಾಸಕೋಶಕ್ಕಿಂತ ಹಿಡಿದವರ ಹೆಬ್ಬೆರಳೇ ಸ್ಪಷ್ಟ.

ನಾನು ಹೆಚ್ಚು ಹೆದರುವುದು ಎರಡನೇ ಜ್ವರಕ್ಕೆ. ಮೂರು-ನಾಲ್ಕು ದಿನಕ್ಕೆ ಜ್ವರ ಬಿಟ್ಟು, ಗಂಜಿ ಉಂಡು, ಅಂಗಳದಲ್ಲಿ ಓಡಾಡಿದವರಿಗೆ ವಾರದೊಳಗೆ ಮತ್ತೆ ಚಳಿ, ಹಳದಿ ಅಥವಾ ರಕ್ತ ಬೆರೆತ ಕಫ, ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚು. ವೈರಸ್ ಕೆಡಿಸಿಟ್ಟ ಜಾಗಕ್ಕೆ ನ್ಯೂಮೋಕಾಕಸ್ ಅಥವಾ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಹೊಕ್ಕಿರುತ್ತದೆ. ಈಗಿನ ಫಿಲ್ಮ್ ಬೇರೆಯೇ: ಶ್ವಾಸಕೋಶದ ಒಂದು ಹಾಲೆ (ಒಂದು ಭಾಗ) ಗಟ್ಟಿಯಾಗಿ ಬಿಳಿಚಿರಬಹುದು, ಪಕ್ಕದಲ್ಲಿ ನೀರು ನಿಂತಿರಬಹುದು. ಇಲ್ಲಿ ಆ್ಯಂಟಿಬಯೋಟಿಕ್ ಬೇಕು, ತಡಮಾಡದೆ. ಮೊದಲ ದಿನದ ನೆಗಡಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗಿದ್ದು ಈಗ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಗದ್ದೆಗಿಳಿದವರಿಗೆ ಬರುವ ಇಲಿ ಜ್ವರದಲ್ಲೂ ಶ್ವಾಸಕೋಶದೊಳಗೆ ರಕ್ತಸ್ರಾವವಾಗಿ ಇಂಥದೇ ತೇಪೆಗಳು ಕಾಣಬಹುದು. ಕಣ್ಣು ಕೆಂಪಾಗಿದೆಯೇ, ಮೀನಖಂಡ ಮುಟ್ಟಿದರೆ ನೋವೇ ಎಂದು ನೋಡಲೇಬೇಕು. ಫ್ಲೂ ಇನ್ನೊಮ್ಮೆ ಬರುವ ಜನವರಿ-ಮಾರ್ಚ್ ಹೊತ್ತಿಗೆ ಸಿದ್ದಾಪುರ, ಶಿರಸಿ ಕಡೆ ಮಂಗನ ಕಾಯಿಲೆಯ ಕಾಲವೂ ಹೌದು. ಕಾಡಿಗೆ ಹೋಗಿದ್ದಿರಾ, ಉಣ್ಣಿ ಕಚ್ಚಿತ್ತೇ ಎಂದು ಕೇಳುತ್ತೇನೆ. ಇದನ್ನೆಲ್ಲ ಎಕ್ಸ್‌-ರೇ ಹೇಳುವುದಿಲ್ಲ. ಫ್ಲೂ ಖಚಿತವಾಗುವುದು ಮೂಗು-ಗಂಟಲಿನ ಸ್ವಾಬ್‌ನಿಂದ. ದಾಖಲಾದವರಿಗೆ ಅದರ ವರದಿಗೂ ಕಾಯದೆ ಫ್ಲೂ ವೈರಸ್ಸಿನ ಔಷಧಿ ಒಸೆಲ್ಟಮಿವಿರ್ ಶುರುಮಾಡುತ್ತೇವೆ. ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಉತ್ತಮ, ದಾಟಿದರೂ ಕೊಡುತ್ತೇವೆ.

ಮನೆಯಲ್ಲಿ ಮಾಡಬೇಕಾದದ್ದು, ಉಸಿರು ಎಣಿಸುವುದು. ಪೂರ್ತಿ ಒಂದು ನಿಮಿಷ, ಅವರಿಗೆ ಗೊತ್ತಾಗದಂತೆ. ದೊಡ್ಡವರಲ್ಲಿ 24 ದಾಟಿದರೆ ಅಥವಾ ಕೋವಿಡ್ ಕಾಲದಲ್ಲಿ ತಂದು ಕಪಾಟಿನಲ್ಲಿಟ್ಟ ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿಸಿದರೆ ಹೊರಡಿ. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ ಮತ್ತೊಮ್ಮೆ ನೋಡಿ. ವಯಸ್ಸಾದವರಿಗೆ ಜ್ವರವೇ ಬಾರದೆ ಊಟ ಬಿಡುವುದು, ಏನೇನೋ ಮಾತಾಡುವುದಷ್ಟೇ ಲಕ್ಷಣವಾಗಿರಬಹುದು. ಬಸುರಿಯರು, ಸಕ್ಕರೆ ಕಾಯಿಲೆಯವರು, ಹೃದ್ರೋಗಿಗಳು ಈ ಅಂಕಿಗಳಿಗೆ ಕಾಯದೆ ಮೊದಲೇ ಬರಲಿ.

ಗುಣವಾಗುವಾಗಲೂ ಫಿಲ್ಮ್ ಹಿಂದೆಯೇ. ರೋಗಿ ಮನೆಗೆ ಹೋಗಿ ತೋಟ ಸುತ್ತುವಷ್ಟಾದರೂ ಬಿಳಿ ಕರಗಲು ವಾರಗಳು ಬೇಕು. ಐದು ದಿನಕ್ಕೊಂದು ಎಕ್ಸ್‌-ರೇ ಬೇಡ. ಬೀಡಿ, ಸಿಗರೇಟು ಸೇದುವ ಐವತ್ತು ದಾಟಿದವರಿಗೆ ಮಾತ್ರ ಆರು ವಾರದ ಮೇಲೆ ಇನ್ನೊಂದು ತೆಗೆಸುತ್ತೇನೆ. ಬರುವಾಗ ಹಳೆಯ ಫಿಲ್ಮ್ ತನ್ನಿ, ಅದರ ರಿಪೋರ್ಟ್ ಮಾತ್ರ ಅಲ್ಲ.